ಸಾಮಾಜಿಕ ಜಾಲತಾಣಗಳಲ್ಲಿ ಕಂಪನಿಗಳು

ಉದ್ಯಮ ಸಂಸ್ಥೆಗಳು ಫೇಸ್‌ಬುಕ್, ಎಕ್ಸ್ (ಹಿಂದಿನ ಟ್ವಿಟರ್), ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮುಂತಾದ ತಾಣಗಳಲ್ಲಿ ಅಧಿಕೃತ ಖಾತೆ ತೆರೆದು ಗ್ರಾಹಕರೊಡನೆ ನಿರಂತರ ಸಂಪರ್ಕದಲ್ಲಿರುವ ಪದ್ಧತಿ. 2007ರ ನವೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆಗಳಿಗೆಂದೇ ಪುಟಗಳನ್ನು ಒದಗಿಸಿತು.

ಇಂಥ ಖಾತೆಗಳ ಅಗತ್ಯವನ್ನು ಎತ್ತಿ ತೋರಿಸಿದ್ದು ಪಿಜ್ಜಾ ಕಂಪನಿ ಡಾಮಿನೋಸ್‌ನ ಪ್ರಕರಣ. 2009ರ ಏಪ್ರಿಲಿನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕಾನೋವರ್ ಪಟ್ಟಣದ ಮಳಿಗೆಯಲ್ಲಿ ನೌಕರನೊಬ್ಬ ಚೀಸ್ ಅನ್ನು ಮೂಗಿಗೆ ತುರುಕಿ ಅದನ್ನೇ ತಿನಿಸಿಗೆ ಹಾಕಿದ. ಜೊತೆಗಿದ್ದವಳು ಚಿತ್ರೀಕರಿಸಿದ ಆ ವಿಡಿಯೊ ಯೂಟ್ಯೂಬಿಗೇರಿ, ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ವೀಕ್ಷಣೆ ಕಂಡಿತು. ಸುದ್ದಿ ತಾನಾಗಿ ತಣ್ಣಗಾದೀತೆಂದು ಕಂಪನಿ ಮೊದಲು ಕಾದುನೋಡಿತು; ಟ್ವಿಟರ್‌ನಲ್ಲಿ ಮಾತ್ರ ಪ್ರಶ್ನೆಗಳ ಸುರಿಮಳೆ. ಕೊನೆಗೆ ಅಮೆರಿಕ ವಿಭಾಗದ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಯೂಟ್ಯೂಬಿನಲ್ಲೇ ಕ್ಷಮೆ ಕೋರಿದರು, ಉತ್ತರಿಸಲು ಟ್ವಿಟರ್ ಖಾತೆಯೂ ಶುರುವಾಯಿತು. ಉತ್ತರ ಪ್ರಾಮಾಣಿಕವಾಗಿತ್ತು, ಆದರೆ ತಡವಾಗಿತ್ತು. ಮೊದಲೇ ಅಲ್ಲಿ ನೆಲೆಯಿದ್ದ, ಜನರಿಗೆ ಪರಿಚಿತವಾದ ಖಾತೆಯ ಮಾತಿಗೆ ಬಿಕ್ಕಟ್ಟಿನಲ್ಲಿ ಸಿಗುವ ಬೆಲೆ ಅವಸರದಲ್ಲಿ ತೆರೆದ ಖಾತೆಗೆ ಸಿಗುವುದಿಲ್ಲ.

ಬರೀ ಜಾಹೀರಾತು ಹಾಕಿ ಸುಮ್ಮನಾಗುವುದು ಸಕ್ರಿಯತೆಯಲ್ಲ. ದೂರು ಓದುವುದು, ಉತ್ತರಿಸುವುದು, ಗ್ರಾಹಕರ ಭಾಷೆಯಲ್ಲೇ ಮಾತಾಡುವುದು ಇದರ ತಿರುಳು. ಕರ್ನಾಟಕದಲ್ಲಿ ಬ್ಯಾಂಕು, ವಿಮಾನ ಸಂಸ್ಥೆಗಳಿಂದ ಕನ್ನಡದಲ್ಲಿ ಸೇವೆ ಕೇಳುವ ಗ್ರಾಹಕರು ಈ ತಾಣಗಳನ್ನು ಚೆನ್ನಾಗಿಯೇ ಬಳಸಿಕೊಂಡಿದ್ದಾರೆ.

ಒಂದು ಪ್ರಕಟಣೆಯ ಪರಿಣಾಮ ದೊಡ್ಡದಾಗಬಹುದು. 2023ರ ಏಪ್ರಿಲಿನಲ್ಲಿ ಬೆಂಗಳೂರಿಗೆ ಹಾಲು, ಮೊಸರು ತರುವುದಾಗಿ ಗುಜರಾತಿನ ಅಮುಲ್ ಟ್ವೀಟ್ ಮಾಡಿದಾಗ, ರಾಜ್ಯದ ಹಾಲು ಉತ್ಪಾದಕರ ಬ್ರ್ಯಾಂಡ್ ನಂದಿನಿಯನ್ನು ಉಳಿಸಿ ಎಂಬ ಕೂಗು ಅದೇ ತಾಣದಲ್ಲಿ ಎದ್ದು, ವಿಧಾನಸಭಾ ಚುನಾವಣೆಯ ಚರ್ಚೆಯನ್ನೂ ಸೇರಿತು.