ಬಣವೆಯ ಲೆಕ್ಕ, ಕಾವಲಿನ ಲೆಕ್ಕ

ದನವೊಂದಕ್ಕೆ ದಿನಕ್ಕೆ ಎಷ್ಟು ಮೇವು ಬೇಕು ಎಂಬ ಲೆಕ್ಕ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಲ್ಲಿ ರಾಗಿ ಕೊಯ್ಲು ಮುಗಿದು ಬಣವೆ ಒಟ್ಟುವ ಹೊತ್ತಿಗೆ ಶುರುವಾಗುತ್ತದೆ. ತಾಲ್ಲೂಕಿನ ಪಡುವಣ ಭಾಗ ಮಲೆನಾಡು, ಅಲ್ಲಿ ಭತ್ತದ ಹುಲ್ಲು. ಮಾದಿಹಳ್ಳಿ, ಹಳೇಬೀಡಿನ ಕಡೆ ಮಳೆ ಕಡಿಮೆ, ರಾಗಿ ಹುಲ್ಲೇ ಆಧಾರ. ಒಟ್ಟಿದ ಬಣವೆ ಮುಂಗಾರಿನ ಹಸಿರು ಮೇಲೇಳುವ ತನಕ ಬರಬೇಕು. ಕೊಟ್ಟಿಗೆಯಲ್ಲಿ ಎಷ್ಟು ಬಾಯಿ, ಅದರಲ್ಲಿ ಉಳುವ ಎತ್ತೆಷ್ಟು, ಕರೆಯುವ ಹಸುವೆಷ್ಟು ಎಂದು ನೋಡಿ ದಿನಕ್ಕೆ ಎಷ್ಟು ಕಂತೆ ಎಳೆಯಬೇಕೆಂದು ತೀರ್ಮಾನವಾಗುತ್ತದೆ. ತಕ್ಕಡಿ ಇಲ್ಲದ ಈ ಲೆಕ್ಕಕ್ಕೆ ಕಣ್ಣೇ ಸಾಕ್ಷಿ. ಹಸುವಿನ ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ಗುಳಿ ಇರುತ್ತದೆ. ಅದರ ಒಳಗೆ ಇರುವುದು ಮೇವು ತುಂಬುವ ದೊಡ್ಡ ಹೊಟ್ಟೆ. ಸಂಜೆ ಗುಳಿ ತುಂಬಿ ಸಮವಾಗಿದ್ದರೆ ಅಂದಿನ ಮೇವು ಸಾಕಾಗಿದೆ. ತಿಂಗಳೊಪ್ಪತ್ತಿನಲ್ಲಿ ಬೆನ್ನಮೂಳೆ, ಪಕ್ಕೆಲುಬು ಎದ್ದು ಕಂಡರೆ ಹೊಟ್ಟೆ ತುಂಬಿದರೂ ಮೈಗೆ ಹತ್ತಿಲ್ಲ ಎಂದರ್ಥ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬ ಈ ತಿಳಿವಳಿಕೆಯೇ ಮುಂದೆ ಬಂದ ಎಲ್ಲ ಶಾಸ್ತ್ರದ ತಿರುಳು.

ಬರವಣಿಗೆಗೆ ಇಳಿದ ಲೆಕ್ಕಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ್ದು ಬಹಳ ಹಳೆಯದು. ಕಾಣೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಓಲೆಗರಿಗಳ ನಡುವೆ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿ. ಅದರಲ್ಲಿ ಕುದುರೆಗಳಿಗೆ ಉತ್ತಮ, ಮಧ್ಯಮ, ಅಧಮ ಎಂದು ದರ್ಜೆ ಮಾಡಿ ಆಹಾರವನ್ನು ಕಾಲುಭಾಗ ಇಳಿಸುತ್ತ ಹೋಗಲಾಗಿದೆ. ಆನೆಗೆ ಎತ್ತರವೇ ಅಳತೆ: ಒಂದು ಅರತ್ನಿಗೆ, ಅಂದರೆ ಮೊಳಕ್ಕೆ, ಒಂದು ದ್ರೋಣದಷ್ಟು (ಧಾನ್ಯ ಅಳೆಯುವ ಹಳೆಯ ಮಾನ) ಅಕ್ಕಿ, ಜೊತೆಗೆ ಎಣ್ಣೆ, ತುಪ್ಪ, ಉಪ್ಪು, ಹಸಿಹುಲ್ಲು, ಒಣಹುಲ್ಲು. ಎತ್ತರ ಇಮ್ಮಡಿಯಾದರೆ ಮೈತೂಕ ಎಂಟು ಮಡಿಯಾಗುತ್ತದೆ. ಆದ್ದರಿಂದ ಮೊಳದ ಲೆಕ್ಕದ ಧಾನ್ಯವೊಂದೇ ದೊಡ್ಡ ಆನೆಗೆ ಸಾಲದು. ಕಾಳುಗಿಡದ ಕಡ್ಡಿ, ಸೊಪ್ಪಿಗೆ ಮಿತಿ ಹಾಕದೆ ಬಿಟ್ಟದ್ದರಿಂದ ಆ ಕೊರತೆ ತುಂಬುತ್ತಿತ್ತು. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ತಳದಲ್ಲಿ ಆನೆಗಳ ಸಾಲು, ಅದರ ಮೇಲಿನ ಪಟ್ಟಿಗಳಲ್ಲಿ ರಾವುತರ ಕುದುರೆಗಳ ಸಾಲು ಇದೆ. ಅಂಥ ದಂಡನ್ನು ಸಾಕಿದ ರಾಜ್ಯಕ್ಕೆ ಮೇವಿನ ಲೆಕ್ಕ ಬೊಕ್ಕಸದ ಲೆಕ್ಕದಷ್ಟೇ ಭಾರದ್ದು.

ಈ ಸೀಮೆಯ ನಿಜವಾದ ದೊಡ್ಡ ಲೆಕ್ಕ ಅಮೃತಮಹಲಿನದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಇದ್ದ ಅರಮನೆಯ ದನದ ಇಲಾಖೆ ಹೈದರನ ಕಾಲಕ್ಕೆ ದಂಡಿನ ಸಾಮಾನು, ಫಿರಂಗಿ ಎಳೆಯುವ ಎತ್ತುಗಳ ನೆಲೆಯಾಯಿತು. ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅದರ ಮೇವು ಕೊಟ್ಟಿಗೆಯಲ್ಲಿ ಇರಲಿಲ್ಲ, ಕಾವಲುಗಳಲ್ಲಿತ್ತು. ಇಂದಿನ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಬ್ಬಿದ್ದ ಈ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ನೀರು, ನೆರಳು ಇರುವ ಕಾವಲನ್ನು ಬೇಸಿಗೆಗೆ ಉಳಿಸಿಕೊಂಡು, ಮಳೆ ಬಿದ್ದು ಬಯಲಿನಲ್ಲಿ ಹುಲ್ಲು ಚಿಗುರಿದಾಗ ಮಂದೆಯನ್ನು ಅತ್ತ ಹೊಡೆಯುತ್ತಿದ್ದರು. ಬೇಸಿಗೆಯಲ್ಲಿ ನೀರು ಇಂಗಿದ ಕೆರೆಯಂಗಳವೂ ಮೇವಿಗೆ ಒದಗುತ್ತಿತ್ತು. ಯಾವ ನೆಲ, ಯಾವ ತಿಂಗಳು, ಎಷ್ಟು ತಲೆ ದನವನ್ನು ಹೊರುತ್ತದೆ ಎಂದು ಅಂದಾಜು ಮಾಡುವುದೆಂದರೆ ದನಕ್ಕೆ ಬೇಕಾದ ಶಕ್ತಿಯನ್ನು ಎಕರೆಯಲ್ಲಿ ಅಳೆದಂತೆ. ಇದು ಬಹಳ ನಾಜೂಕಾದ ಅಳತೆ, ಅದರ ಹಿಂದೆ ತಲೆಮಾರುಗಳ ಗಮನವಿತ್ತು.

1799ರಲ್ಲಿ ಟಿಪ್ಪು ಮಡಿದ ನಂತರ ಇಲಾಖೆ ಸೊರಗಿತು. 1813ರಲ್ಲಿ ಬ್ರಿಟಿಷ್ ಸೇನೆಯ ಸರಬರಾಜು ವಿಭಾಗ ಅದನ್ನು ವಹಿಸಿಕೊಂಡು ಮತ್ತೆ ಎತ್ತಿ ನಿಲ್ಲಿಸಿತು. ಖರ್ಚು ಉಳಿಸಲೆಂದು 1860ರಲ್ಲಿ ಮಂದೆಗಳನ್ನು ಮಾರಲಾಯಿತು. ದಂಡಿಗೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಇಲಾಖೆಯನ್ನು ಮರಳಿ ತೆರೆಯಬೇಕಾಯಿತು. ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟದಲ್ಲಿ ಇಂದಿಗೂ ಅಮೃತಮಹಲ್ ತಳಿಯ ಉಪಕೇಂದ್ರವಿದೆ. ಕಾವಲುಗಳ ಬಹುಪಾಲು ಮಾತ್ರ ಸಾಗುವಳಿಗೂ ಬೇರೆ ಬೇರೆ ಯೋಜನೆಗಳಿಗೂ ಹೋಗಿದೆ. ಹುಲ್ಲುಗಾವಲನ್ನು ಪಾಳುನೆಲವೆಂದು ಬಗೆದದ್ದು ದೊಡ್ಡ ತಪ್ಪು. ಕಾವಲುಗಳ ಜೊತೆಗೆ ನೆಲದ ಮೇವನ್ನು ಅಳೆಯುವ ಈ ತಿಳಿವಳಿಕೆಯೂ ಕೈಬಿಟ್ಟುಹೋಯಿತು.

ಅತ್ತ ಯೂರೋಪಿನಲ್ಲಿ ಅಳತೆ ಬೇರೆ ದಾರಿ ಹಿಡಿದಿತ್ತು. 1780ರ ದಶಕದಲ್ಲಿ ರಸಾಯನ ವಿಜ್ಞಾನಿ ಲವಾಸಿಯೇ ಗಿನಿಯಿಲಿಯೊಂದನ್ನು ಮಂಜುಗಡ್ಡೆಯ ನಡುವೆ ಇಟ್ಟು, ಅದರ ಮೈಬಿಸಿಗೆ ಕರಗಿದ ಮಂಜಿನಿಂದ ಶಾಖವನ್ನು ಅಳೆದ. ಉಸಿರಾಟವೂ ಒಂದು ಬಗೆಯ ಉರಿ ಎಂಬುದು ಅಲ್ಲಿ ತಿಳಿಯಿತು. 1883ರಲ್ಲಿ ಶರೀರ ವಿಜ್ಞಾನಿ ರೂಬ್ನರ್ ನಾಯಿಗಳ ಮೇಲೆ ನಡೆಸಿದ ಅಧ್ಯಯನದಿಂದ, ಶಾಖದ ಲೆಕ್ಕ ತೂಕಕ್ಕಿಂತ ಮೈಯ ಹೊರಮೈಗೆ ಹತ್ತಿರ ಎಂದ. 1932ರಲ್ಲಿ ಅಮೆರಿಕದಲ್ಲಿ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ ಬೇರೆ ಬೇರೆ ಗಾತ್ರದ ಪ್ರಾಣಿಗಳ ಅಂಕಿಗಳನ್ನು ಜೋಡಿಸಿ ನೋಡಿದಾಗ, ಶಕ್ತಿಯ ಅಗತ್ಯ ತೂಕದ ಮುಕ್ಕಾಲನೆಯ ಘಾತಕ್ಕೆ ತಕ್ಕಂತೆ ಏರುವುದು ಕಂಡಿತು. ಕಿಲೋಗ್ರಾಮಿನಲ್ಲಿ ಹೇಳಿದ ತೂಕವನ್ನು ಆ ಘಾತಕ್ಕೆ ಏರಿಸಿ 70ರಿಂದ ಗುಣಿಸಿದರೆ, ಸುಮ್ಮನೆ ಮಲಗಿರುವ ಪ್ರಾಣಿಯ ದಿನದ ಶಕ್ತಿ ಕಿಲೋಕ್ಯಾಲೊರಿಯಲ್ಲಿ ಸಿಗುತ್ತದೆ. ಒಂದೂವರೆ ಕಿಲೋ ಕೋಳಿಗೆ ಸುಮಾರು 95, 25 ಕಿಲೋ ಆಡಿಗೆ 780, 300 ಕಿಲೋ ಹಸುವಿಗೆ 5,000, 3,000 ಕಿಲೋ ಆನೆಗೆ 28,000. ಕಿಲೋ ಮೈತೂಕಕ್ಕೆ ಭಾಗಿಸಿದರೆ ಕೋಳಿಗೆ 63, ಆನೆಗೆ ಒಂಬತ್ತೂವರೆ ಮಾತ್ರ. ಒಂದು ಆನೆಯ ತೂಕಕ್ಕೆ ಹತ್ತು ಹಸು ಸಮ. ಆದರೆ ಆ ಹತ್ತು ಹಸುಗಳಿಗೆ ಬೇಕಾಗುವುದು ಆನೆಯ ಒಂದೂಮುಕ್ಕಾಲು ಪಟ್ಟು.

ಈ ಶಾಸ್ತ್ರ ಕರ್ನಾಟಕದ ಕೊಟ್ಟಿಗೆಗೆ ಬಂದದ್ದು ಬೆಂಗಳೂರಿನ ಮೂಲಕ. 1923ರಲ್ಲಿ ಆಡುಗೋಡಿಯಲ್ಲಿ ಪಶುಪಾಲನೆ, ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ದನ ಸಾಕಣೆಯ ಪಾಠ ಕೇಳಿದ್ದರು. ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ 1995ರಲ್ಲಿ ಶುರುವಾದದ್ದೂ ಆಡುಗೋಡಿಯಲ್ಲೇ.

ಮೇವಿನಲ್ಲಿ ಜೀರ್ಣವಾಗುವ ಪೋಷಕಾಂಶ ಒಟ್ಟು ಎಷ್ಟು ಎಂಬುದು ಭಾರತದ ಪಶುವೈದ್ಯರು ಹೆಚ್ಚಾಗಿ ಬಳಸುತ್ತ ಬಂದ ಅಳತೆ. ಮಾದಿಹಳ್ಳಿಯ ಬಣವೆಗೆ ಅದನ್ನು ಹಚ್ಚಿ ನೋಡಬಹುದು. ಮೊದಲು ತೂಕ: ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಸುತ್ತಳತೆ 60, ಉದ್ದ 50 ಇಂಚು ಇದ್ದರೆ 600 ಪೌಂಡು, ಅಂದರೆ 270 ಕಿಲೋ ಆಸುಪಾಸು. ಸುಮಾರು 300 ಕಿಲೋ ಹಸು ಮೈ ಇಳಿಯದೆ ನಿಲ್ಲಲು ದಿನಕ್ಕೆ ಜೀರ್ಣವಾಗುವ ಪೋಷಕಾಂಶ 2.4 ಕಿಲೋದಷ್ಟು ಬೇಕು. ಅದು ತಿನ್ನಬಲ್ಲ ಒಣಮೇವು ಸುಮಾರು 6 ಕಿಲೋ. ರಾಗಿ ಹುಲ್ಲಿನಲ್ಲಿ ಹಾಗೆ ದಕ್ಕುವುದು ಅದರ ತೂಕದ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಹೊಟ್ಟೆ ಬಿರಿಯ ರಾಗಿ ಹುಲ್ಲು ಮೇದ ಹಸುವಿನ ಜೀವ ನಿಲ್ಲುತ್ತದೆ, ಹಾಲಿಗೆ ಮಿಗುವುದು ತೀರ ಕಡಿಮೆ. ಒಂದು ಲೀಟರ್ ಹಾಲಿಗೆ ಮತ್ತೆ ಸುಮಾರು ಮೂರನೇ ಒಂದು ಕಿಲೋ ಪೋಷಕಾಂಶ ಬೇಕು. ರಾಗಿ ಹುಲ್ಲಿನಲ್ಲಿ ಸಸಾರಜನಕವೂ ಅತಿ ಕಡಿಮೆ. ಕರೆಯುವ ಹಸುವಿಗೆ ಹಿಂಡಿ, ಬೂಸಾ, ಉಳುವ ಎತ್ತಿಗೆ ಬೇಯಿಸಿದ ಹುರುಳಿ ಕೊಡುವ ರೂಢಿ ತುಂಬುತ್ತಿದ್ದದ್ದು ಇದೇ ಕೊರತೆಯನ್ನು.