ಸ್ಟಾರ್ಟರ್ ಸೆಟ್ (ಪಾತ್ರಾಭಿನಯ ಆಟ)

ಸ್ಟಾರ್ಟರ್ ಸೆಟ್ ಎಂಬುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳನ್ನು ಹೊಸಬರಿಗೆ ಪರಿಚಯಿಸಲು ಪ್ರಕಾಶಕರು ಸಿದ್ಧಪಡಿಸುವ ಪೆಟ್ಟಿಗೆ. ಸಂಕ್ಷಿಪ್ತ ನಿಯಮ ಪುಸ್ತಿಕೆ, ಮೊದಲೇ ರಚಿಸಿದ ಪಾತ್ರಗಳು, ಒಂದು ಸಾಹಸಕಥೆ ಮತ್ತು ದಾಳಗಳು ಇದರಲ್ಲಿರುತ್ತವೆ. ಆಟವನ್ನು ಬಲ್ಲವರು ಹತ್ತಿರದಲ್ಲಿ ಯಾರೂ ಇಲ್ಲದ ಕಡೆಯಲ್ಲೂ ನಾಲ್ಕೈದು ಜನರ ಗುಂಪೊಂದು ತಾನಾಗಿ ಕಲಿತು ಆಡುವಂತೆ ಮಾಡುವುದು ಇದರ ಮುಖ್ಯ ಉದ್ದೇಶ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಆರಂಭಿಕ ಪೆಟ್ಟಿಗೆಗಳು ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾಗಿವೆ.

ಆಟದ ಸ್ವರೂಪ

ಪಾತ್ರಾಭಿನಯ ಆಟದಲ್ಲಿ ಒಬ್ಬರು ನಿರ್ವಾಹಕರಾಗಿರುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇವರನ್ನು ಡಂಜನ್ ಮಾಸ್ಟರ್ ಎಂದು ಕರೆಯಲಾಗುತ್ತದೆ. ಉಳಿದ ಪ್ರತಿಯೊಬ್ಬರೂ ಕಥೆಯೊಳಗಿನ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ನಿರ್ವಾಹಕರು ಸನ್ನಿವೇಶವನ್ನು ವಿವರಿಸುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂಬುದನ್ನು ಹೇಳುತ್ತಾರೆ, ಫಲ ಅನಿಶ್ಚಿತವಾಗಿದ್ದಾಗ ದಾಳ ಉರುಳಿಸಿ ನಿರ್ಧರಿಸಲಾಗುತ್ತದೆ. ಚೌಕಾಬಾರ ಅಥವಾ ಪಗಡೆಯಂತೆ ಇಲ್ಲಿ ಕಾಯಿಯನ್ನು ಹಣ್ಣು ಮಾಡಿ ಗೆಲ್ಲುವ ಕ್ರಮವಿಲ್ಲ. ಆಟಗಾರರು ಪರಸ್ಪರ ಎದುರಾಳಿಗಳಾಗಿರದೆ ಸಾಮಾನ್ಯವಾಗಿ ಒಂದೇ ತಂಡವಾಗಿ ಆಡುತ್ತಾರೆ.

ಇತಿಹಾಸ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇದರ ಪ್ರಕಾಶಕರು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಟಿಎಸ್‌ಆರ್ ಸಂಸ್ಥೆ. ಮೂರು ಕಿರುಪುಸ್ತಕಗಳ ಆ ಪೆಟ್ಟಿಗೆ ಯುದ್ಧದ ಮೇಜಿನಾಟಗಳನ್ನು ಅದಾಗಲೇ ಬಲ್ಲವರಿಗಾಗಿ ಬರೆದದ್ದಾಗಿತ್ತು. 1971ರ ಚೈನ್‌ಮೇಲ್ ಎಂಬ ಆಟದ ನಿಯಮಗಳು ಓದುಗರ ಬಳಿ ಇವೆ ಎಂದೇ ಅದು ಭಾವಿಸಿತ್ತು. ಹೀಗಾಗಿ ಬಲ್ಲವರ ಜೊತೆ ಕುಳಿತು ಆಡಿ ಕಲಿಯುವುದೇ ಹೊಸಬರಿಗೆ ಸುಲಭದ ದಾರಿಯಾಗಿತ್ತು.

ನರವಿಜ್ಞಾನಿಯಾಗಿದ್ದ ಜೆ. ಎರಿಕ್ ಹೋಮ್ಸ್ ಈ ನಿಯಮಗಳನ್ನು ಹೊಸಬರಿಗಾಗಿ ಮರುಸಂಪಾದಿಸಿದರು. ಅವರ ಆವೃತ್ತಿ 1977ರಲ್ಲಿ ಬೇಸಿಕ್ ಸೆಟ್ ಎಂಬ ಹೆಸರಿನಲ್ಲಿ ಹೊರಬಂದಿತು. ಪಾತ್ರದ ಬೆಳವಣಿಗೆಯ ಮೊದಲ ಮೂರು ಹಂತಗಳಿಗೆ ಮಾತ್ರ ಅದು ಸೀಮಿತವಾಗಿತ್ತು. ಎಲ್ಲವನ್ನೂ ಒಮ್ಮೆಗೇ ಕಲಿಸದೆ ಮೊದಲ ಕೆಲವು ಹಂತಗಳನ್ನಷ್ಟೇ ಕಲಿಸುವ ಈ ಕ್ರಮ ಮುಂದಿನ ಆರಂಭಿಕ ಪೆಟ್ಟಿಗೆಗಳಲ್ಲೂ ಮುಂದುವರಿಯಿತು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಪರಿಷ್ಕೃತ ಆವೃತ್ತಿ ಬಂದಿತು.

1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಸಿದ್ಧಪಡಿಸಿದ ಆವೃತ್ತಿಯು ಕೆಂಪು ಪೆಟ್ಟಿಗೆ ಎಂದೇ ಹೆಸರಾಯಿತು. ಓದುಗನನ್ನು ನೇರವಾಗಿ ಕಥೆಯೊಳಗೆ ಕರೆದೊಯ್ಯುವ ಒಂಟಿ ಸಾಹಸದಿಂದ ಅದರ ಪುಸ್ತಕ ಆರಂಭವಾಗುತ್ತದೆ. ಕಥೆ ಸಾಗಿದಂತೆ ನಿಯಮಗಳು ಒಂದೊಂದಾಗಿ ಪರಿಚಯವಾಗುತ್ತವೆ. ಅಲ್ಲಿಯವರೆಗೆ ಅನುಭವಿ ಆಟಗಾರ ಮಾಡುತ್ತಿದ್ದ ಗುರುವಿನ ಕೆಲಸವನ್ನು ಇಲ್ಲಿ ಪುಸ್ತಕವೇ ವಹಿಸಿಕೊಂಡಿತು.

1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಟಿಎಸ್‌ಆರ್ ಅನ್ನು ಖರೀದಿಸಿತು. ಆಟದ ಐದನೆಯ ಆವೃತ್ತಿಯ ಸ್ಟಾರ್ಟರ್ ಸೆಟ್ 2014ರಲ್ಲಿ ಬಿಡುಗಡೆಯಾಯಿತು. 2019ರ ಎಸೆನ್ಷಿಯಲ್ಸ್ ಕಿಟ್ ಒಬ್ಬ ನಿರ್ವಾಹಕ ಮತ್ತು ಒಬ್ಬನೇ ಆಟಗಾರ ಇದ್ದರೂ ಆಡಬಹುದಾದ ನಿಯಮಗಳನ್ನು ಒಳಗೊಂಡಿತ್ತು. 2022ರಲ್ಲಿ ಮತ್ತೊಂದು ಸ್ಟಾರ್ಟರ್ ಸೆಟ್ ಪ್ರಕಟವಾಯಿತು. ಇತರ ಆಟಗಳೂ ಇದೇ ಮಾರ್ಗ ಹಿಡಿದಿವೆ. ಪಾತ್‌ಫೈಂಡರ್ ಆಟದ ಬಿಗಿನರ್ ಬಾಕ್ಸ್ 2011ರಲ್ಲಿಯೂ, ಕಾಲ್ ಆಫ್ ಕ್ಥುಲು ಆಟದ ಸ್ಟಾರ್ಟರ್ ಸೆಟ್ 2018ರಲ್ಲಿಯೂ ಬಂದವು. ಎರಡನೆಯದರಲ್ಲಿ ಒಬ್ಬರೇ ಓದುತ್ತ ಆಡುವ ಸಾಹಸವೂ ಸೇರಿದೆ.

ಪೆಟ್ಟಿಗೆಯಲ್ಲಿರುವ ವಸ್ತುಗಳು

2014ರ ಸ್ಟಾರ್ಟರ್ ಸೆಟ್‌ನಲ್ಲಿ ಈ ಕೆಳಗಿನವು ಇದ್ದವು:

* 32 ಪುಟಗಳ ನಿಯಮ ಪುಸ್ತಿಕೆ
* ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್ ಎಂಬ 64 ಪುಟಗಳ ಸಾಹಸಕಥೆ
* ಮೊದಲೇ ಭರ್ತಿ ಮಾಡಿದ ಐದು ಪಾತ್ರಗಳ ಹಾಳೆಗಳು
* ಆರು ದಾಳಗಳು

ಹೊಸ ಪಾತ್ರವನ್ನು ರಚಿಸುವ ನಿಯಮಗಳನ್ನು ಇದರ ಪುಸ್ತಿಕೆಯಲ್ಲಿ ಕೊಟ್ಟಿರಲಿಲ್ಲ. ಸಿದ್ಧ ಹಾಳೆಯೊಂದನ್ನು ಆರಿಸಿಕೊಂಡರೆ ಆಟಗಾರರು ಮೊದಲ ದಿನವೇ ಆಟಕ್ಕೆ ಇಳಿಯಬಹುದು. ಸಾಹಸಕಥೆಯನ್ನು ನಿರ್ವಾಹಕರು ಮಾತ್ರ ಮುಂಚಿತವಾಗಿ ಓದಿಕೊಳ್ಳಬೇಕು.

ಆಡುವ ಕ್ರಮ

ಐದನೆಯ ಆವೃತ್ತಿಯ ಮೂಲ ನಿಯಮ ಒಂದೇ. ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕವನ್ನು ಕೂಡಿಸಬೇಕು. ಮೊತ್ತವು ಗುರಿಸಂಖ್ಯೆಯಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಯತ್ನ ಸಫಲ. ಉದಾಹರಣೆಗೆ, ಬಲ 16 ಇರುವ ಪಾತ್ರಕ್ಕೆ 3 ಅಂಕ ಸೇರುತ್ತದೆ. ಜಡಿದ ಬಾಗಿಲನ್ನು ಒಡೆಯಲು ಗುರಿಸಂಖ್ಯೆ 15 ಎಂದಿದ್ದರೆ ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತು ಮುಖಗಳಲ್ಲಿ ಒಂಬತ್ತು ಅನುಕೂಲವಾಗಿರುವುದರಿಂದ ಸಾಧ್ಯತೆ ಶೇ. 45.

ಆಟದಲ್ಲಿ ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು ಮತ್ತು ಇಪ್ಪತ್ತು ಮುಖಗಳ ದಾಳಗಳು ಬೇಕಾಗುತ್ತವೆ. ಇವು ದೊರೆಯದಿದ್ದಾಗ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಒಂದನ್ನು ಎತ್ತಿ, ಪುನಃ ಅದರಲ್ಲೇ ಹಾಕಬಹುದು. 1979ರ ಸುಮಾರಿಗೆ ದಾಳಗಳ ಕೊರತೆ ಉಂಟಾದಾಗ ಟಿಎಸ್‌ಆರ್ ಸಂಸ್ಥೆಯೇ ಬೇಸಿಕ್ ಸೆಟ್‌ನಲ್ಲಿ ದಾಳಗಳ ಬದಲು ಸಂಖ್ಯೆಯ ಬಿಲ್ಲೆಗಳನ್ನು ಇಟ್ಟಿತ್ತು. ಕವಡೆಗಳು ಇದಕ್ಕೆ ಹೊಂದುವುದಿಲ್ಲ. ಕವಡೆ ಅಂಗಾತ ಅಥವಾ ಬೋರಲಾಗಿ ಬೀಳುವ ಸಾಧ್ಯತೆ ಸಮವೆಂದುಕೊಂಡರೂ, ನಾಲ್ಕು ಕವಡೆಗಳಲ್ಲಿ ಎರಡು ಅಂಗಾತ ಬೀಳುವ ಸಾಧ್ಯತೆ 16ರಲ್ಲಿ 6, ನಾಲ್ಕೂ ಅಂಗಾತ ಬೀಳುವ ಸಾಧ್ಯತೆ 16ರಲ್ಲಿ 1 ಮಾತ್ರ. ದಾಳದಲ್ಲಾದರೆ ಪ್ರತಿಯೊಂದು ಸಂಖ್ಯೆಗೂ ಸಮಾನ ಅವಕಾಶವಿರುತ್ತದೆ.

ಮೊದಲ ಸಾಹಸದ ರಚನೆ ಮತ್ತು ಸ್ಥಳೀಯ ರೂಪಾಂತರ

ಆರಂಭಿಕ ಸಾಹಸಕಥೆಗಳಿಗೆ ಸರಳವಾದ ಚೌಕಟ್ಟಿರುತ್ತದೆ. 2014ರ ಕಥೆಯಲ್ಲಿ ಪಾತ್ರಗಳು ಸರಕಿನ ಬಂಡಿಯೊಂದನ್ನು ಸಣ್ಣ ಊರಿಗೆ ತಲುಪಿಸಲು ಹೊರಡುತ್ತವೆ. ದಾರಿಯಲ್ಲಿ ದಾಳಿ ನಡೆಯುತ್ತದೆ, ಕಳೆದುಹೋದ ಗಣಿಯ ಸುಳಿವು ಸಿಗುತ್ತದೆ. ಒಂದು ಪ್ರಯಾಣ, ಒಂದು ಸುರಕ್ಷಿತ ಊರು, ಒಂದು ಅಪಾಯದ ತಾಣ ಎಂಬ ಈ ಚೌಕಟ್ಟನ್ನು ಯಾವ ಭೂಭಾಗಕ್ಕೂ ಅಳವಡಿಸಬಹುದು. ಪರಿಚಿತ ಊರುಗಳನ್ನು ಆರಿಸಿಕೊಂಡರೆ ಹೊಸ ಆಟಗಾರರು ವಿದೇಶಿ ಹೆಸರುಗಳನ್ನು ನೆನಪಿಡಬೇಕಾದ ಹೊರೆ ತಪ್ಪುತ್ತದೆ.

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗವನ್ನು ಉದಾಹರಣೆಯಾಗಿ ನೋಡಬಹುದು. ವಾಡಿ ರೈಲು ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆಗೆ ಹೋಗುವ ಮಾರ್ಗದಲ್ಲಿ ಚಿತ್ತಾಪುರ ಮತ್ತು ಸೇಡಂ ಬರುತ್ತವೆ. ಇದು ಬಂಡಿಯ ಪ್ರಯಾಣದ ದಾರಿಯಾಗಬಹುದು. ಹಾಸುಗಲ್ಲಿಗೆ ಪ್ರಸಿದ್ಧವಾದ ಶಹಾಬಾದ್‌ನ ಕಲ್ಲುಗಣಿಗಳು ಕಥೆಯ ಗಣಿಗೆ ಹೊಂದುತ್ತವೆ. ಚಿಂಚೋಳಿಯ ಅರಣ್ಯ ದಾಳಿಯ ಸನ್ನಿವೇಶಕ್ಕೆ ಒಗ್ಗುತ್ತದೆ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿನ ಕೋಟೆಯನ್ನು ಪಾಳು ದುರ್ಗವಾಗಿ ಚಿತ್ರಿಸಬಹುದು. ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಲಿಪಿ ಓದಿ ಬಿಡಿಸುವ ಒಗಟಿಗೆ ಇದು ಆಧಾರವಾಗಬಲ್ಲದು.

ಪರವಾನಗಿ ಮತ್ತು ಕನ್ನಡದಲ್ಲಿ ಬಳಕೆ

2023ರ ಜನವರಿಯಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು ಐದನೆಯ ಆವೃತ್ತಿಯ ನಿಯಮಸಂಗ್ರಹವನ್ನು (ಎಸ್‌ಆರ್‌ಡಿ 5.1) ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲವನ್ನು ಸೂಕ್ತವಾಗಿ ಉಲ್ಲೇಖಿಸಿದರೆ ಯಾರು ಬೇಕಾದರೂ ಇದನ್ನು ಅನುವಾದಿಸಬಹುದು, ಬದಲಾಯಿಸಬಹುದು, ಹಂಚಬಹುದು ಮತ್ತು ಮಾರಬಹುದು. ಕನ್ನಡದಲ್ಲಿ ನಿಯಮ ಪುಸ್ತಿಕೆ ರಚಿಸಲು ಬೇರೆ ಅನುಮತಿಯ ಅಗತ್ಯವಿಲ್ಲ. ಪೆಟ್ಟಿಗೆಯಲ್ಲಿ ಬರುವ ಸಾಹಸಕಥೆಗಳು, ಚಿತ್ರಗಳು ಮತ್ತು ನಕ್ಷೆಗಳು ಈ ಸಂಗ್ರಹಕ್ಕೆ ಸೇರಿಲ್ಲ, ಅವುಗಳ ಹಕ್ಕುಸ್ವಾಮ್ಯ ಪ್ರಕಾಶಕರದೇ.

ಮಿತಿಗಳು

ಆರಂಭಿಕ ಪೆಟ್ಟಿಗೆಗಳಲ್ಲಿ ಪಾತ್ರಗಳು ಕೆಲವು ಹಂತಗಳವರೆಗೆ ಮಾತ್ರ ಬೆಳೆಯುತ್ತವೆ. 2014ರ ಕಥೆ ಐದನೆಯ ಹಂತದ ಹೊತ್ತಿಗೆ ಮುಗಿಯುತ್ತದೆ. ಮುಂದುವರಿಯಲು ಪೂರ್ಣ ನಿಯಮ ಪುಸ್ತಕಗಳು ಅಥವಾ ಮುಕ್ತ ನಿಯಮಸಂಗ್ರಹ ಬೇಕಾಗುತ್ತದೆ. ಒಮ್ಮೆ ಆಡಿದ ಕಥೆಯ ರಹಸ್ಯಗಳು ಆಟಗಾರರಿಗೆ ತಿಳಿದುಹೋಗುವುದರಿಂದ ಅದೇ ಗುಂಪು ಅದನ್ನು ಮತ್ತೆ ಆಡುವುದು ಕಡಿಮೆ. ಆದರೆ ಕಥೆಯನ್ನು ಮುಗಿಸಿದ ಆಟಗಾರರಲ್ಲಿ ಯಾರಾದರೂ ನಿರ್ವಾಹಕರಾಗಿ ಅದೇ ಪೆಟ್ಟಿಗೆಯಿಂದ ಇನ್ನೊಂದು ಹೊಸ ಗುಂಪಿಗೆ ಆಟ ಕಲಿಸಬಹುದು.