ಕಿಟಕಿಯೊಳಗಿನ ಕಿಟಕಿಗಳು: ತೆರೆಯ ಮೇಲಿನ ಕನ್ನಡ ಮತ್ತು ಮುಂಬಯಿ

ಗಣಕಯಂತ್ರದ ತೆರೆಯ ಮೇಲೆ ಕನ್ನಡ ಮೂಡುವುದು ಇಂದು ನಮಗೆ ಸಹಜವೆನಿಸಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಹಾಗಿರಲಿಲ್ಲ. ಸಂಘವೊಂದರ ಸದಸ್ಯರ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಲು ಹೊರಟವರಿಗೆ, ಹೆಸರು ಬರೆಯಬೇಕಾದ ಪೆಟ್ಟಿಗೆಯಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಆ ಚಿಹ್ನೆಗಳು ಅಳಿದು ಅಕ್ಷರಗಳು ನಿಂತ ಕಥೆಯಲ್ಲಿ ನಾವು ಬಾಳುವ ಈ ಮುಂಬಯಿಗೂ ಒಂದು ಪಾಲಿದೆ.

ಭಾರತದಲ್ಲಿ ಗಣಕಕ್ಕೆ ತೆರೆ ಬಂದ ಮೊದಲ ಊರುಗಳಲ್ಲಿ ಇದೂ ಒಂದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳ್ತನದಲ್ಲಿ ರೂಪುಗೊಂಡು 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಯಂತ್ರಕ್ಕೆ, ಫಲಿತಾಂಶವನ್ನು ತೋರಿಸಲು ಕ್ಯಾಥೋಡ್ ಕಿರಣ ನಳಿಕೆಯೂ ಇತ್ತು. ಅದೇ ಸಂಸ್ಥೆಯಲ್ಲಿ ದುಡಿದ ಕನ್ನಡಿಗ ಕೆ. ಪಿ. ರಾವ್ ಅವರು ಮುಂದೆ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡವನ್ನು ಬರೆಯುವ ಧ್ವನ್ಯಾತ್ಮಕ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೂ ‘ನುಡಿ’ ತಂತ್ರಾಂಶಕ್ಕೂ ಅದೇ ತಳಹದಿ.

ಆದರೆ ಕೀಲಿ ಒತ್ತಿದ ಮಾತ್ರಕ್ಕೆ ಅಕ್ಷರ ಮೂಡದು. ಅದನ್ನು ತೆರೆಯ ಮೇಲಿನ ಯಾವುದೋ ಒಂದು ಪೆಟ್ಟಿಗೆ ಬರಮಾಡಿಕೊಳ್ಳಬೇಕು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 1985ರಲ್ಲಿ ಬಂದಾಗ ಈ ಬಗ್ಗೆ ಒಂದು ಸ್ವಾರಸ್ಯದ ಕಲ್ಪನೆಯನ್ನು ತಂದಿತು. ನಾವು ಕಿಟಕಿ ಎಂದು ಕರೆಯುವುದು ಚೌಕಟ್ಟುಳ್ಳ ದೊಡ್ಡ ಆವರಣವನ್ನು ಮಾತ್ರ. ವಿಂಡೋಸಿನ ಲೆಕ್ಕದಲ್ಲಾದರೋ ಅದರೊಳಗಿನ ಗುಂಡಿಯೂ ಒಂದು ಕಿಟಕಿ, ಬರೆಯುವ ಪೆಟ್ಟಿಗೆಯೂ ಒಂದು ಕಿಟಕಿ, ಆಯ್ಕೆಯ ಪಟ್ಟಿಯೂ ಒಂದು ಕಿಟಕಿ. ಪ್ರತಿಯೊಂದಕ್ಕೂ ‘ಹ್ಯಾಂಡಲ್’ ಎಂಬ ಗುರುತಿನ ಸಂಖ್ಯೆಯಿದೆ. ಆ ಸಂಖ್ಯೆ ತಿಳಿದವನು ಪೆಟ್ಟಿಗೆಯನ್ನು ಸರಿಸಬಹುದು, ಅಡಗಿಸಬಹುದು, ನಿಷ್ಕ್ರಿಯಗೊಳಿಸಬಹುದು, ಅದರೊಳಗಿನ ಬರಹವನ್ನು ಬದಲಿಸಬಹುದು. ಇವೆಲ್ಲ ನಡೆಯುವುದು ಸಂದೇಶಗಳ ಮೂಲಕ: ‘ಈ ಅಕ್ಷರ ಬಂದಿದೆ, ಸ್ವೀಕರಿಸು’, ‘ಇನ್ನು ನಿನ್ನನ್ನು ನೀನು ಬಿಡಿಸಿಕೋ’ ಎಂಬಂಥವು.

1991ರಲ್ಲಿ ಬಂದ ವಿಷುಯಲ್ ಬೇಸಿಕ್ ಈ ಜಟಿಲತೆಯನ್ನು ಮರೆಮಾಡಿತು. ಪೆಟ್ಟಿಗೆಯನ್ನು ಎಳೆದು ತಂದು ನಮೂನೆಯ ಮೇಲೆ ಇಟ್ಟರೆ ಸಾಕಿತ್ತು. ಹೀಗಾಗಿ ಪರಿಣತರಲ್ಲದವರೂ ತಮ್ಮ ಅಂಗಡಿಗೋ ಶಾಲೆಗೋ ಬೇಕಾದ ಕಾರ್ಯಕ್ರಮಗಳನ್ನು ಬರೆದುಕೊಂಡರು. ಕನ್ನಡದ ತೊಡಕು ಮೊದಲಾದದ್ದು ಇಲ್ಲಿಯೇ. 1998ರ ಆರನೆಯ ಆವೃತ್ತಿಯು ತನ್ನ ಒಳಗೆ ಬರಹವನ್ನು ಯುನಿಕೋಡಿನಲ್ಲಿಯೇ ಇಟ್ಟುಕೊಳ್ಳುತ್ತಿತ್ತು. ಆದರೆ ಅದರ ಪೆಟ್ಟಿಗೆಗಳು ಹಳೆಯ ಆನ್ಸಿ ಸಂಕೇತವನ್ನಷ್ಟೇ ಬಲ್ಲವು. ಆನ್ಸಿ ಕೋಷ್ಟಕಗಳಲ್ಲಿ ಗ್ರೀಕಿಗೆ, ರಷ್ಯನ್ನಿಗೆ, ಅರಬ್ಬಿಗೆ ಸ್ಥಾನವಿತ್ತು, ಕನ್ನಡಕ್ಕೆ ಇರಲಿಲ್ಲ. ಸ್ಥಾನವಿಲ್ಲದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು.

ಇದಕ್ಕೆ ಎರಡು ದಾರಿಗಳಿದ್ದವು. ಮೊದಲನೆಯದು ವೇಷ. ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ತುಣುಕುಗಳನ್ನು ತೊಡಿಸಿದ ಫಾಂಟನ್ನು ಪೆಟ್ಟಿಗೆಗೆ ಹಚ್ಚುವುದು. ‘ಬರಹ’ ಮತ್ತು ‘ನುಡಿ’ಯ ಆರಂಭಿಕ ಫಾಂಟುಗಳು ನಡೆದ ದಾರಿ ಇದು. ಇವುಗಳೊಂದಿಗಿನ ಕೀಲಿಮಣೆಯ ತಂತ್ರಾಂಶ ಪಹರೆಯವನಂತೆ ಕುಳಿತು, ಒತ್ತಿದ ಕೀಲಿ ಪೆಟ್ಟಿಗೆಗೆ ತಲಪುವ ಮುನ್ನವೇ ಅದನ್ನು ತಡೆದು, ಬದಲಿಗೆ ಬೇರೆ ಸಂಕೇತಗಳನ್ನು ಕಳುಹಿಸುತ್ತಿತ್ತು. ‘ಕ’ದ ಬಳಿಕ ಗುಡಿಸು ಬಂದರೆ, ಮೊದಲು ಮೂಡಿದ್ದನ್ನು ಅಳಿಸಿ ‘ಕಿ’ಯನ್ನು ಇರಿಸುತ್ತಿತ್ತು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಲ್ಯಾಟಿನ್. ಅಕಾರಾದಿಯಾಗಿ ಜೋಡಿಸಲು ಬಾರದು, ಹುಡುಕಲು ಬಾರದು. ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ವೇಷ ಕಳಚಿಬೀಳುತ್ತಿತ್ತು.

ಎರಡನೆಯದು, ವಿಷುಯಲ್ ಬೇಸಿಕ್ ಕೊಟ್ಟ ಪೆಟ್ಟಿಗೆಯನ್ನೇ ತೊರೆದು, ಯುನಿಕೋಡನ್ನು ಬಲ್ಲ ಕಿಟಕಿಯೊಂದನ್ನು ವಿಂಡೋಸಿನಿಂದ ನೇರವಾಗಿ ಕೇಳಿ ಪಡೆದು, ಅದನ್ನು ನಮೂನೆಯೊಳಗೆ ಮಗುಕಿಟಕಿಯಾಗಿ ನೆಲೆಗೊಳಿಸುವುದು. ಶ್ರಮದ ಕೆಲಸವಾದರೂ ಬರಹ ಬರಹವಾಗಿಯೇ ಉಳಿಯುತ್ತಿತ್ತು. ಆದರೆ ಆ ಕಿಟಕಿಗೆ ಒತ್ತಕ್ಷರ ಬಿಡಿಸಲು ಬರಬೇಕಲ್ಲ? 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತಾದರೂ, ಅದನ್ನು ತೋರಿಸಬಲ್ಲ ಫಾಂಟು ವಿಂಡೋಸಿನೊಡನೆ ಬರಲು ಹತ್ತು ವರ್ಷ ಹಿಡಿಯಿತು.

ಆ ಫಾಂಟಿನ ಹೆಸರು ‘ತುಂಗಾ’. ಅದು ಮಲೆನಾಡಿನ ನದಿಯ ಹೆಸರು. ಅಕ್ಷರಗಳು ತಿದ್ದಲ್ಪಟ್ಟದ್ದು ಮುಂಬಯಿಯಲ್ಲಿ. ಜಾಹೀರಾತು ಲೋಕದಿಂದ ಬಂದು, ಪೊವಾಯಿಯ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಮರಾಠಿಯ ಸುಲೇಖನಕಾರ ಆರ್. ಕೆ. ಜೋಶಿಯವರು, ನಿವೃತ್ತಿಯ ಬಳಿಕ ಜುಹೂವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ ಭಾರತೀಯ ಲಿಪಿಗಳ ಫಾಂಟುಗಳನ್ನು ರೂಪಿಸುವ ಕಾರ್ಯವನ್ನು ನಿರ್ದೇಶಿಸಿದರು. ದೇವನಾಗರಿಯ ‘ಮಂಗಲ್’, ತಮಿಳಿನ ‘ಲತಾ’, ತೆಲುಗಿನ ‘ಗೌತಮಿ’, ಕನ್ನಡದ ‘ತುಂಗಾ’ ಆ ಕಾರ್ಯದ ಫಲಗಳು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಮನೆಮನೆಗೆ ಬಂದಳು. ಬಂದರೂ ತೆರೆಮರೆಯಲ್ಲೇ ಇದ್ದಳು: ಜಟಿಲ ಲಿಪಿಗಳ ಸೌಲಭ್ಯವನ್ನು ನಾವೇ ಹುಡುಕಿ, ಗುರುತು ಹಾಕಿ, ವಿಂಡೋಸಿನ ಸಿಡಿಯನ್ನು ತುರುಕಿ ಸ್ಥಾಪಿಸಿಕೊಳ್ಳಬೇಕಿತ್ತು. ಈ ಕಟ್ಟಲೆ ಹೋದದ್ದು ಮುಂದಿನ ಆವೃತ್ತಿಯಾದ ವಿಸ್ತಾದಲ್ಲಿ. ಜೋಶಿಯವರು 2008ರಲ್ಲಿ ತೀರಿಕೊಂಡರು.

ಈ ಇತಿಹಾಸವನ್ನು ನೆನೆಯಲು ಕಾರಣವಿದೆ. ಹೊರನಾಡಿನ ನಮ್ಮ ಸಂಸ್ಥೆಗಳ ಆ ಕಾಲದ ವರದಿಗಳು, ಸ್ಮರಣ ಸಂಚಿಕೆಗಳ ಲೇಖನಗಳು ವೇಷದ ಫಾಂಟಿನಲ್ಲೇ ಹಳೆಯ ಸಿಡಿಗಳಲ್ಲಿ ಉಳಿದಿದ್ದರೆ, ಅವು ಕಾಗದದಷ್ಟೂ ಬಾಳಲಾರವು. ಅವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಸಿಗುತ್ತವೆ. ಆದರೆ ಯಾವ ಕಡತಕ್ಕೆ ಯಾವ ಫಾಂಟು ಎಂದು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಊರು ಬಿಟ್ಟು ಬಂದ ನಾವು ನೆಲೆ ಎಂದರೇನೆಂದು ಬಲ್ಲೆವು. ತೆರೆಯ ಮೇಲೆ ಕನ್ನಡ ಕಂಡರೆ ಸಾಲದು, ಯಂತ್ರದ ಒಳಗೂ ಅದು ಕನ್ನಡವಾಗಿಯೇ ಇರಬೇಕು. ಆ ಕಡತಗಳನ್ನು ಈಗಲೇ ತೆರೆದು ನೋಡುವುದು ಒಳಿತು.